ಹೊಸ ಕಾರಿನ ಗೇರ್‌ಬಾಕ್ಸ್ ನಡುಗುತ್ತಿದೆಯೇ? ‘ಈ ಮಾಡೆಲ್ ಇರೋದೇ ಹೀಗೆ’ ಎಂಬುದನ್ನು ಒಪ್ಪುವ ಮುನ್ನ

ಕಾರು ತೆಗೆದುಕೊಂಡು ಒಂದೂವರೆ ವರ್ಷವಾಗಿದೆ. ಓಡಿರುವುದು 18 ಸಾವಿರ ಕಿಲೋಮೀಟರ್. ಟ್ರಾಫಿಕ್‌ನಲ್ಲಿ ತೆವಳುವಾಗ ಕಾರು ಚಳಿ ಹಿಡಿದವರಂತೆ ಒಮ್ಮೆ ನಡುಗುತ್ತದೆ, ಎರಡನೇ ಗೇರಿಗೆ ಹೋಗುವಾಗ ಹಿಂದಿನಿಂದ ಯಾರೋ ತಳ್ಳಿದಂತಾಗುತ್ತದೆ. ಸರ್ವೀಸ್ ಸೆಂಟರ್‌ನಲ್ಲಿ ಕೇಳಿದರೆ, “ಈ ಮಾಡೆಲ್ ಇರೋದೇ ಹೀಗೆ ಸರ್, ಆಟೋಮ್ಯಾಟಿಕ್ ಅಲ್ವಾ” ಎನ್ನುತ್ತಾರೆ. ಮನೆ ಹತ್ತಿರದ ಗ್ಯಾರೇಜ್‌ನಲ್ಲಿ ಕೇಳಿದರೆ, “ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು” ಎಂಬ ಉತ್ತರ. ಯಾರನ್ನು ನಂಬುವುದು?

ಇಬ್ಬರಲ್ಲಿ ಒಬ್ಬರು ಸರಿಯಿರಬಹುದು, ಇಬ್ಬರೂ ತಪ್ಪಿರಬಹುದು. ಪರೀಕ್ಷೆ ಮಾಡದೆ ಹೇಳಿದ್ದರೆ ಎರಡೂ ಬರೀ ಊಹೆ. ಆದರೆ ಆ ಊಹೆಗೆ ಬೆಲೆ ತೆರುವವರು ಕಾರಿನ ಮಾಲೀಕರು. ವಾರಂಟಿ ಮುಗಿದ ಮೇಲೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಡಿಯಾಗಿ ಬದಲಿಸಬೇಕಾಗಿ ಬಂದರೆ ಬಿಲ್ಲು ಲಕ್ಷ ದಾಟುವುದು ಅಪರೂಪವೇನಲ್ಲ. ದುಡ್ಡಿಗಿಂತ ದೊಡ್ಡ ವಿಷಯವೂ ಇದೆ: ಹೆದ್ದಾರಿ ದಾಟಲೆಂದು ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗಿಯೂ ಕಾರು ಮುಂದೆ ಹೋಗದಿದ್ದರೆ ಅದು ಪ್ರಾಣಕ್ಕೇ ಅಪಾಯ.

ಹಾಗಾಗಿ ಹೊಸ ಕಾರಿನಲ್ಲಿ ಯಾವುದು ಆ ಗೇರ್‌ಬಾಕ್ಸಿನ ಸಹಜ ಗುಣ, ಯಾವುದು ದೋಷ, ಇವೆರಡನ್ನೂ ಬಿಡಿಸಿ ನೋಡುವುದು ಹೇಗೆ ಎಂದು ಈ ಲೇಖನದಲ್ಲಿ ತಿಳಿಯೋಣ.

ಒಂದು ನಡುಕ, ಒಂದು ಕೋಟಿ ಡಾಲರ್ ದಂಡ

‘ಇರೋದೇ ಹೀಗೆ’ ಎಂಬ ಉತ್ತರವನ್ನು ಸುಮ್ಮನೆ ಒಪ್ಪಬಾರದು ಎನ್ನಲು ಆಸ್ಟ್ರೇಲಿಯಾದ ಒಂದು ಪ್ರಕರಣ ಒಳ್ಳೆಯ ಉದಾಹರಣೆ. ಫೋರ್ಡ್ ಕಂಪನಿ ಫಿಯೆಸ್ಟಾ, ಫೋಕಸ್ ಮತ್ತು ಇಕೋಸ್ಪೋರ್ಟ್ ಕಾರುಗಳಲ್ಲಿ ‘ಪವರ್‌ಶಿಫ್ಟ್’ ಹೆಸರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಅಳವಡಿಸಿತ್ತು. ಆಸ್ಟ್ರೇಲಿಯಾದಲ್ಲಿ ಇಂಥ ಸುಮಾರು 70 ಸಾವಿರ ಕಾರುಗಳು ಮಾರಾಟವಾಗಿದ್ದವು. ನಿಧಾನ ವೇಗದಲ್ಲಿ ನಡುಕ, ಪಿಕಪ್ ಇಲ್ಲದಿರುವುದು, ಜರ್ಕ್ ಎಂದು ಗ್ರಾಹಕರು ದೂರು ಕೊಟ್ಟರು. ಹಲವರಿಗೆ ಸಿಕ್ಕ ಉತ್ತರ: ನೀವು ಓಡಿಸುವ ರೀತಿಯೇ ಸರಿಯಿಲ್ಲ.

ಅಲ್ಲಿನ ಸ್ಪರ್ಧೆ ಮತ್ತು ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. 2015ರ ಮೇ ತಿಂಗಳಿಂದ 2016ರ ಫೆಬ್ರವರಿವರೆಗೆ ಕಂಪನಿ ಈ ದೂರುಗಳನ್ನು ನಿಭಾಯಿಸಿದ ರೀತಿ ಅನ್ಯಾಯದ್ದು ಎಂದು ಫೆಡರಲ್ ಕೋರ್ಟ್ ತೀರ್ಮಾನಿಸಿ, 2018ರ ಏಪ್ರಿಲ್‌ನಲ್ಲಿ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಗೇರ್‌ಬಾಕ್ಸಿನಲ್ಲಿ ಸಮಸ್ಯೆ ಇರುವುದು ಕಂಪನಿಗೆ ಗೊತ್ತಿದ್ದೂ ತಪ್ಪನ್ನು ಡ್ರೈವರ್ ಮೇಲೆ ಹೊರಿಸಿತ್ತು ಎಂಬುದು ಆಕ್ಷೇಪದ ತಿರುಳು.

ತಾಂತ್ರಿಕವಾಗಿ ಅಲ್ಲಿ ಆಗಿದ್ದೇನು? ಆ ಗೇರ್‌ಬಾಕ್ಸಿನಲ್ಲಿ ಇದ್ದದ್ದು ‘ಡ್ರೈ’ ಕ್ಲಚ್, ಅಂದರೆ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್. ಒಳಗಿನ ಶಾಫ್ಟಿನ ಸೀಲ್‌ಗಳಿಂದ ಎಣ್ಣೆ ಜಿನುಗಿ ಈ ಒಣ ಕ್ಲಚ್ ಮೇಲೆ ಬಿದ್ದರೆ ಹಿಡಿತ ತಪ್ಪಿ ನಡುಕ ಶುರುವಾಗುತ್ತದೆ. ಇದರ ಜೊತೆಗೆ ಗೇರ್‌ಬಾಕ್ಸನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕವೂ ಕೈಕೊಡುತ್ತಿತ್ತು. ಅಮೆರಿಕದಲ್ಲಿ 2014ರಲ್ಲಿ ಫೋರ್ಡ್ ಕ್ಲಚ್ ಮತ್ತು ಸೀಲ್‌ಗಳ ವಾರಂಟಿಯನ್ನು 7 ವರ್ಷ ಅಥವಾ 1 ಲಕ್ಷ ಮೈಲಿಗೆ, ನಿಯಂತ್ರಣ ಘಟಕದ ವಾರಂಟಿಯನ್ನು 10 ವರ್ಷ ಅಥವಾ 1.5 ಲಕ್ಷ ಮೈಲಿಗೆ ವಿಸ್ತರಿಸಿತು.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಒಣ ಡ್ಯುಯಲ್ ಕ್ಲಚ್ ಇರುವ ಕಾರು ತೆವಳುವಾಗ ತುಸು ಅದುರುವುದು ನಿಜವಾಗಿಯೂ ಸಹಜ. ಅಂದರೆ ‘ಇರೋದೇ ಹೀಗೆ’ ಎಂದವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಎಷ್ಟು ಅದುರಿದರೆ ಸಹಜ, ಎಷ್ಟಾದರೆ ದೋಷ ಎಂಬುದನ್ನು ಅಳೆದು ಹೇಳಬೇಕು. ಅಳೆಯಲು ಸಾಧ್ಯವೂ ಇದೆ. ಗೇರ್‌ಬಾಕ್ಸಿನ ಒಳಗಿನ ಶಾಫ್ಟ್ ವೇಗ ಎಷ್ಟು ಏರಿಳಿಯುತ್ತಿದೆ ಎಂಬುದು ಸ್ಕ್ಯಾನರ್‌ನಲ್ಲಿ ಅಂಕಿಯಾಗಿಯೇ ಕಾಣುತ್ತದೆ.

ನಿಮ್ಮ ಕಾರಿನಲ್ಲಿರುವುದು ಯಾವ ಗೇರ್‌ಬಾಕ್ಸ್?

‘ಆಟೋಮ್ಯಾಟಿಕ್’ ಎಂಬ ಒಂದೇ ಪದದ ಕೆಳಗೆ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಒಂದರ ಸಹಜ ಗುಣ ಇನ್ನೊಂದರಲ್ಲಿ ಕಾಣಿಸಿದರೆ ಅದು ರೋಗ. ಬ್ರೋಷರ್ ಅಥವಾ ಮಾಲೀಕರ ಕೈಪಿಡಿ ತೆರೆದು ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಇಲ್ಲಿ ಎಡವಿದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

ನಮ್ಮಲ್ಲಿ ಕಡಿಮೆ ಬೆಲೆಯ ಆಟೋಮ್ಯಾಟಿಕ್ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ಭಾರತದಲ್ಲಿ ಜನಪ್ರಿಯವಾಯಿತು. ಇದರೊಳಗೆ ಇರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಹಾಕುವ ಕೆಲಸವನ್ನು ನಿಮ್ಮ ಕೈಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ಗೇರ್ ಬದಲಾಗುವ ಹೊತ್ತಿನಲ್ಲಿ ಕ್ಲಚ್ ಬಿಡಲೇಬೇಕು. ಆ ಕ್ಷಣ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧವಿರುವುದಿಲ್ಲ. ಆಗ ಕಾರಿನಲ್ಲಿರುವವರ ತಲೆ ಮುಂದಕ್ಕೆ ವಾಲಿ ಹಿಂದಕ್ಕೆ ಬರುತ್ತದೆ. ಇದು ಎಎಂಟಿಯ ಹುಟ್ಟುಗುಣ. ಯಾವ ಸರ್ವೀಸ್ ಸೆಂಟರ್‌ನವರೂ ಇದನ್ನು ಪೂರ್ತಿ ಹೋಗಲಾಡಿಸಲಾರರು. ಗೇರ್ ಬದಲಾಗುವ ಹೊತ್ತಿಗೆ ಆಕ್ಸಿಲರೇಟರ್ ಕೊಂಚ ಸಡಿಲಿಸಿದರೆ ಜರ್ಕ್ ಕಡಿಮೆಯಾಗುತ್ತದೆ. ಆದರೆ ಹೊರಡುವಾಗಲೆಲ್ಲ ಕಾರು ಥರಥರ ಅದುರಿದರೆ, ಗೇರ್ ಬೀಳದೆ ನ್ಯೂಟ್ರಲ್‌ನಲ್ಲೇ ಉಳಿದರೆ, ಡಿಸ್‌ಪ್ಲೇಯಲ್ಲಿ ಗೇರ್ ಸಂಖ್ಯೆ ಮಿನುಗಿದರೆ ಅದು ಹುಟ್ಟುಗುಣವಲ್ಲ.

ಡ್ಯುಯಲ್ ಕ್ಲಚ್ ಅಥವಾ ಡಿಸಿಟಿಯಲ್ಲಿ 1, 3, 5ರಂಥ ಬೆಸ ಗೇರ್‌ಗಳಿಗೆ ಒಂದು ಕ್ಲಚ್, 2, 4, 6ರಂಥ ಸರಿ ಗೇರ್‌ಗಳಿಗೆ ಇನ್ನೊಂದು. ಮುಂದಿನ ಗೇರ್ ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆ ಬಹಳ ಚುರುಕು. ಒಣ ಕ್ಲಚ್ ಇರುವ ಡಿಸಿಟಿಗೆ ಬಂಪರ್ ಟು ಬಂಪರ್ ಟ್ರಾಫಿಕ್ ಎಂದರೆ ಆಗದು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅರ್ಧ ಗಂಟೆ ತೆವಳಿದರೆ ಕ್ಲಚ್ ಬಿಸಿಯೇರಿ ಎಚ್ಚರಿಕೆಯ ಸಂದೇಶ ಬರಬಹುದು. ಎಣ್ಣೆಯಲ್ಲಿ ಮುಳುಗಿರುವ ‘ವೆಟ್’ ಕ್ಲಚ್ ಈ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ.

ಸಿವಿಟಿಯಲ್ಲಿ ಗೇರ್‌ಗಳೇ ಇಲ್ಲ. ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ, ಪುಲ್ಲಿಗಳ ಅಗಲ ಬದಲಾದಂತೆ ವೇಗದ ಅನುಪಾತ ಬದಲಾಗುತ್ತದೆ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಶಬ್ದ ಮೊದಲು ಏರಿ, ವೇಗ ನಿಧಾನವಾಗಿ ಹಿಂಬಾಲಿಸುತ್ತದೆ. ಮ್ಯಾನುಯಲ್ ಕಾರಿನಿಂದ ಬಂದವರಿಗೆ ಇದು ‘ಕ್ಲಚ್ ಸ್ಲಿಪ್’ ಎನಿಸಿ ಗಾಬರಿಯಾಗುವುದುಂಟು. ಗಾಬರಿ ಬೇಡ. ಆದರೆ ಸಿವಿಟಿಯಲ್ಲಿ ಜರ್ಕ್ ಬಂದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಗೇರೇ ಇಲ್ಲದ ಕಡೆ ಗೇರ್ ಬದಲಾದ ಹಾಗೆ ಜರ್ಕ್ ಏಕೆ ಬರಬೇಕು? (ಕೆಲವು ಮಾಡೆಲ್‌ಗಳಲ್ಲಿ ಕಂಪನಿಯವರೇ ಸಾಫ್ಟ್‌ವೇರ್ ಮೂಲಕ ಗೇರ್ ಬದಲಾದ ಭ್ರಮೆ ಹುಟ್ಟಿಸುತ್ತಾರೆ, ಕೈಪಿಡಿಯಲ್ಲಿ ನೋಡಿಕೊಳ್ಳಿ.)

ನಾಲ್ಕನೆಯದು ಹಳೆಯ, ಗಟ್ಟಿಮುಟ್ಟಾದ ಟಾರ್ಕ್ ಕನ್ವರ್ಟರ್. ಇದರಲ್ಲಿ ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆಯ ಸುಳಿಯೇ ಶಕ್ತಿಯನ್ನು ಸಾಗಿಸುತ್ತದೆ. ಎಲ್ಲಕ್ಕಿಂತ ನಯವಾಗಿ ಓಡಬೇಕಾದದ್ದು ಇದೇ. ವೇಗ ಒಂದು ಹದಕ್ಕೆ ಬಂದಾಗ ಒಳಗಿನ ‘ಲಾಕ್‌ಅಪ್’ ಕ್ಲಚ್ ಎರಡೂ ಬದಿಯನ್ನು ನೇರವಾಗಿ ಜೋಡಿಸುತ್ತದೆ. ಆಕ್ಸಿಲರೇಟರನ್ನು ಹಗುರವಾಗಿ ಒತ್ತಿಕೊಂಡು 60-80 ಕಿಲೋಮೀಟರ್ ವೇಗದಲ್ಲಿ ಹೋಗುವಾಗ, ರಸ್ತೆ ನುಣುಪಾಗಿದ್ದರೂ ಸಣ್ಣ ಸಣ್ಣ ಹಂಪ್‌ಗಳ ಸಾಲಿನ ಮೇಲೆ ಹೋದಂತೆ ಕೆಲವು ಸೆಕೆಂಡ್ ಅದುರಿದರೆ ಅನುಮಾನ ಈ ಲಾಕ್‌ಅಪ್ ಕ್ಲಚ್ ಮೇಲೆ. ಒಳ್ಳೆಯ ಸುದ್ದಿ ಏನೆಂದರೆ, ಎಷ್ಟೋ ಸಲ ಸರಿಯಾದ ಎಣ್ಣೆ ಬದಲಿಸಿದರೇ ಇದು ವಾಸಿಯಾಗುತ್ತದೆ.

ಅದು ಗೇರ್‌ಬಾಕ್ಸ್ ಹೌದೇ?

ಗೇರ್‌ಬಾಕ್ಸ್ ದೋಷ ಎಂದು ಬರುವ ದೂರುಗಳಲ್ಲಿ ಮೂಲ ಬೇರೆಲ್ಲೋ ಇರುವುದು ಉಂಟು. ಅದನ್ನು ಕಂಡುಹಿಡಿಯಲು ಒಂದು ಸರಳ ಪ್ರಶ್ನೆ ಸಾಕು: ನಡುಕ ಅಥವಾ ಶಬ್ದ ಯಾವುದನ್ನು ಹಿಂಬಾಲಿಸುತ್ತಿದೆ? ಚಕ್ರವನ್ನೇ, ಇಂಜಿನ್ನನ್ನೇ, ಗೇರ್ ಬದಲಾವಣೆಯನ್ನೇ?

ಕಾರಿನ ವೇಗ ಹೆಚ್ಚಿದಂತೆ ಹೆಚ್ಚಾಗಿ, ಆಕ್ಸಿಲರೇಟರ್ ಬಿಟ್ಟರೂ ಅದೇ ವೇಗದಲ್ಲಿ ಹಾಗೆಯೇ ಮುಂದುವರಿಯುವುದಾದರೆ ಅದು ಚಕ್ರದ ಕಡೆಯ ಸಮಸ್ಯೆ. 80-100 ಕಿಲೋಮೀಟರ್ ವೇಗದಲ್ಲಿ ಸ್ಟೇರಿಂಗ್ ಅದುರಿದರೆ ವೀಲ್ ಬ್ಯಾಲೆನ್ಸಿಂಗ್ ನೋಡಿ. ಝುಂಯ್ ಎಂಬ ಶಬ್ದ ವೇಗದೊಂದಿಗೆ ಏರುತ್ತಿದ್ದರೆ ವೀಲ್ ಬೇರಿಂಗ್ ಇರಬಹುದು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಆಕ್ಸಲ್ಲಿನ ಜಾಯಿಂಟ್. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಬ್ರೇಕ್ ಡಿಸ್ಕ್.

ಕಾರು ನಿಂತಿದ್ದಾಗಲೂ ಆರ್‌ಪಿಎಂ ಏರಿಸಿದರೆ ಅದುರುವುದಾದರೆ ಇಂಜಿನ್ ಅಥವಾ ಇಂಜಿನ್ ಮೌಂಟಿಂಗ್ ಕಡೆ ನೋಡಬೇಕು. ಇಂಜಿನ್ನಿನ ತೂಕ ಹೊತ್ತು ಅದರ ಕಂಪನ ಹೀರಬೇಕಾದ ಈ ರಬ್ಬರ್ ಮೌಂಟಿಂಗ್‌ಗಳಲ್ಲಿ ಒಂದು ಹರಿದಿದ್ದರೂ ಪ್ರತಿ ಗೇರ್ ಬದಲಾವಣೆಯೂ ಗುದ್ದಿನಂತೆ ಭಾಸವಾಗುತ್ತದೆ. ಇಗ್ನಿಷನ್ ಕಾಯಿಲ್ ಅಥವಾ ಸ್ಪಾರ್ಕ್ ಪ್ಲಗ್ ಕೆಟ್ಟು ಒಂದು ಸಿಲಿಂಡರ್ ಆಗಾಗ ಉರಿಯದಿದ್ದರೆ ಬರುವ ಅದುರಾಟವನ್ನು ಮೇಲೆ ಹೇಳಿದ ಲಾಕ್‌ಅಪ್ ನಡುಕದಿಂದ ಬೇರ್ಪಡಿಸುವುದು ಅನುಭವಿ ಮೆಕ್ಯಾನಿಕ್‌ಗಳಿಗೂ ಸುಲಭವಲ್ಲ. ಸಾವಿರಗಳಲ್ಲಿ ಮುಗಿಯುವ ಕಾಯಿಲ್ ರಿಪೇರಿಯ ಬದಲು ಗೇರ್‌ಬಾಕ್ಸ್ ಇಳಿಸುವ ಅನಾಹುತ ಆಗುವುದು ಇಲ್ಲಿಯೇ.

ಬ್ಯಾಟರಿಯನ್ನೂ ಮರೆಯಬೇಡಿ. ಇಂದಿನ ಗೇರ್‌ಬಾಕ್ಸ್‌ಗಳು ವಿದ್ಯುತ್ ಕವಾಟಗಳು, ಸೆನ್ಸರ್‌ಗಳು ಮತ್ತು ಒಂದು ಪುಟ್ಟ ಕಂಪ್ಯೂಟರ್ ಮೇಲೆ ನಿಂತಿವೆ. ಬ್ಯಾಟರಿಯ ವೋಲ್ಟೇಜ್ ಕುಸಿದರೆ ಇವು ಅರ್ಥವಿಲ್ಲದ ದೂರುಗಳನ್ನು ದಾಖಲಿಸುತ್ತವೆ. ಬ್ರೇಕ್ ಪೆಡಲ್ ಹಿಂದಿನ ಸಣ್ಣ ಸ್ವಿಚ್ ಕೆಟ್ಟರೆ ಪಾರ್ಕ್‌ನಿಂದ ಗೇರ್ ಹೊರಗೇ ಬರದಿರಬಹುದು, ಏಕೆಂದರೆ ನೀವು ಬ್ರೇಕ್ ಒತ್ತಿದ್ದೀರಿ ಎಂಬುದೇ ಕಾರಿಗೆ ತಿಳಿಯುವುದಿಲ್ಲ. ಇಂಥ ಕಾರನ್ನು ‘ಗೇರ್‌ಬಾಕ್ಸ್ ಜಾಮ್’ ಎಂದು ಟೋ ಮಾಡಿಸುವ ಮುನ್ನ, ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ಯಾರಿಗಾದರೂ ನೋಡಲು ಹೇಳಿ.

ಮ್ಯಾನುಯಲ್ ಕಾರಿನವರಿಗೆ ಎರಡು ಮಾತು. ನ್ಯೂಟ್ರಲ್‌ನಲ್ಲಿ ನಿಂತಿದ್ದಾಗ ಬರುವ ಶಬ್ದ ಕ್ಲಚ್ ತುಳಿದೊಡನೆ ನಿಂತರೆ ಗೇರ್‌ಬಾಕ್ಸ್ ಒಳಗಿನ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ತುಳಿದಾಗಲೇ ಶಬ್ದ ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ.

ತಡ ಮಾಡಬಾರದ ಲಕ್ಷಣಗಳು

ಯಾವ ಬಗೆಯ ಗೇರ್‌ಬಾಕ್ಸ್ ಆದರೂ ಕೆಲವು ಲಕ್ಷಣಗಳಿಗೆ ‘ಸಹಜ’ ಎಂಬ ವಿವರಣೆ ಇಲ್ಲ. ಡಿ ಅಥವಾ ಆರ್‌ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ಏನೂ ಆಗದೆ ಆಮೇಲೆ ಧಡ್ ಎಂದು ಗೇರ್ ಬೀಳುವುದು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಆರ್‌ಪಿಎಂ ಇದ್ದಕ್ಕಿದ್ದಂತೆ ಮೇಲೆ ಜಿಗಿಯುವುದು. ಓಡುತ್ತಿರುವಾಗಲೇ ಡ್ರೈವ್ ತಪ್ಪುವುದು. ಕಾರಿನಡಿ ಎಣ್ಣೆಯ ಕಲೆ. ಸುಟ್ಟ ವಾಸನೆ.

ಇನ್ನೊಂದು, ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಮಾತ್ರ ಓಡುವುದು. ಇದನ್ನು ‘ಲಿಂಪ್ ಮೋಡ್’ ಎನ್ನುತ್ತಾರೆ, ಕುಂಟು ನಡಿಗೆ ಎನ್ನಬಹುದೇನೋ. ಏನೋ ತಪ್ಪಾಗಿದೆ ಎಂದು ಕಂಪ್ಯೂಟರಿಗೆ ತಿಳಿದಾಗ, ಇನ್ನಷ್ಟು ಹಾಳಾಗದಿರಲಿ ಎಂದು ಅದು ಹೀಗೆ ಮಾಡುತ್ತದೆ. ಕಾರು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೋದ ತೊಂದರೆ ಹೋಯಿತಲ್ಲ ಎಂದು ಸುಮ್ಮನಾಗುವುದು ಅನೇಕರ ರೂಢಿ. ಆದರೆ ಕಾರಣ ಅಲ್ಲೇ ಉಳಿದಿರುತ್ತದೆ. ಅದು ಮರುಕಳಿಸುವ ಜಾಗ ಚಾರ್ಮಾಡಿ ಘಾಟಿಯ ತಿರುವೂ ಆಗಬಹುದು.

ಮಳೆಗಾಲದಲ್ಲಿ ನೀರು ತುಂಬಿದ ಅಂಡರ್‌ಪಾಸ್ ದಾಟಿದ ಕೆಲವು ವಾರಗಳ ಮೇಲೆ ಜರ್ಕ್ ಶುರುವಾಗಿದ್ದರೆ ಆ ವಿಷಯವನ್ನು ಮುಚ್ಚಿಡದೆ ಹೇಳಿ. ಗೇರ್‌ಬಾಕ್ಸಿಗೆ ಗಾಳಿಯಾಡಲು ಇರುವ ಸಣ್ಣ ರಂಧ್ರದಿಂದ ನೀರು ಒಳಹೋದರೆ ಎಣ್ಣೆ ಹಾಲು ಬೆರೆತಂತೆ ಬಿಳಿಚಿಕೊಳ್ಳುತ್ತದೆ. ಅದನ್ನು ಬೇಗ ತೆಗೆದಷ್ಟೂ ಒಳ್ಳೆಯದು.

ಡೈರಿ ಬರೆಯಿರಿ, ವಿಡಿಯೊ ಮಾಡಿ

“ಕೆಲವು ಸಲ ಜರ್ಕ್ ಆಗುತ್ತೆ” ಎಂಬ ದೂರು ಯಾವ ಮೆಕ್ಯಾನಿಕ್‌ಗೂ ಉಪಯೋಗಕ್ಕೆ ಬಾರದು. ನೀವು ಕಾರು ಬಿಟ್ಟುಬಂದ ದಿನ ಅವರು 2 ಕಿಲೋಮೀಟರ್ ಓಡಿಸಿ, ಜರ್ಕ್ ಬರದೆ, ‘ದೋಷ ಕಂಡುಬಂದಿಲ್ಲ’ ಎಂದು ಬರೆದುಬಿಡುತ್ತಾರೆ. ಅವರನ್ನೂ ಪೂರ್ತಿ ದೂರುವಂತಿಲ್ಲ. ಕಾಣದ ದೋಷವನ್ನು ರಿಪೇರಿ ಮಾಡುವುದು ಹೇಗೆ?

ಅದಕ್ಕೇ ಒಂದು ವಾರ ಟಿಪ್ಪಣಿ ಇಡಿ. ಇಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ? ಎಷ್ಟು ವೇಗ, ಎಷ್ಟು ಆರ್‌ಪಿಎಂ, ಯಾವ ಗೇರಿನಿಂದ ಯಾವ ಗೇರಿಗೆ? ಆಕ್ಸಿಲರೇಟರ್ ಹಗುರವಾಗಿತ್ತೇ, ಜೋರಾಗಿತ್ತೇ? ರಸ್ತೆ ಏರೇ, ಸಮತಟ್ಟೇ? ಎಸಿ ಆನ್ ಇತ್ತೇ? ಈ ವಿವರಗಳು ದೋಷದ ವಿಳಾಸ ಇದ್ದಂತೆ. ತಣ್ಣಗಿದ್ದಾಗ ಮಾತ್ರ ಬಂದು ಬಿಸಿಯಾದಂತೆ ಹೋಗುವ ಬಿಗಿತ ಎಣ್ಣೆ ದಪ್ಪವಾಗಿರುವುದರಿಂದ ಇರಬಹುದು. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಬಿಸಿಯಾದ ಮೇಲೆಯೇ ಬರುವ ನಡುಕ ಕ್ಲಚ್ಚಿನ ಕಡೆ ಬೆರಳು ತೋರಿಸುತ್ತದೆ. ಯಾವಾಗಲೂ ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರ ಆಗುವುದಾದರೆ ಆ ಬದಲಾವಣೆಯಲ್ಲಿ ಕೆಲಸ ಮಾಡುವ ಕ್ಲಚ್ ಅಥವಾ ಕವಾಟವನ್ನಷ್ಟೇ ಮೊದಲು ಪರೀಕ್ಷಿಸಿದರೆ ಸಾಕು.

ಪಕ್ಕದಲ್ಲಿ ಕುಳಿತವರಿಂದ ಮೀಟರ್‌ಗಳು ಕಾಣುವಂತೆ ವಿಡಿಯೊ ಮಾಡಿಸಿ. ಓಡಿಸುವವರೇ ಮೊಬೈಲ್ ಹಿಡಿಯುವುದು ಬೇಡವೇ ಬೇಡ. ಸರ್ವೀಸ್ ಸೆಂಟರಿಗೆ ಹೋದಾಗ ಟೆಕ್ನಿಷಿಯನ್ ಜೊತೆ ನೀವೂ ಟೆಸ್ಟ್ ಡ್ರೈವ್‌ಗೆ ಹೋಗಿ. ಸಾಧ್ಯವಾದರೆ ಅದೇ ಮಾಡೆಲ್ಲಿನ ಡೆಮೊ ಕಾರನ್ನು ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ‘ಈ ಮಾಡೆಲ್ ಇರೋದೇ ಹೀಗೆ’ ಎಂಬುದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ನಮಗೆ ತೋಚುವುದಿಲ್ಲ. ಅದೂ ಹಾಗೇ ನಡುಗಿದರೆ ನಿಮ್ಮ ಆತಂಕ ಕಡಿಮೆಯಾಗುತ್ತದೆ. ನಡುಗದಿದ್ದರೆ ಅವರ ಉತ್ತರ ಬಿದ್ದುಹೋಗುತ್ತದೆ.

ಕಾರು ತಾನೇ ಬರೆದಿಟ್ಟ ಟಿಪ್ಪಣಿ

ನಿಮ್ಮ ಹಾಗೆಯೇ ಕಾರೂ ಡೈರಿ ಬರೆಯುತ್ತದೆ. ಸ್ಟೇರಿಂಗ್ ಕೆಳಗಿರುವ ಒಬಿಡಿ ಪೋರ್ಟಿಗೆ ಸ್ಕ್ಯಾನರ್ ಜೋಡಿಸಿದರೆ ದೋಷದ ಕೋಡ್‌ಗಳು ಕಾಣುತ್ತವೆ. ಪಿ0700 ಎಂದರೆ ‘ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ, ಅಲ್ಲಿ ನೋಡಿ’ ಎಂದಷ್ಟೇ ಅರ್ಥ. ಪಿ0730 ಎಂದರೆ ಗೇರ್ ಅನುಪಾತ ಲೆಕ್ಕಕ್ಕೆ ಸರಿಹೊಂದುತ್ತಿಲ್ಲ, ಬಹುಶಃ ಎಲ್ಲೋ ಜಾರುತ್ತಿದೆ. ಪಿ0741 ಟಾರ್ಕ್ ಕನ್ವರ್ಟರಿನ ಲಾಕ್‌ಅಪ್‌ಗೆ ಸಂಬಂಧಿಸಿದ್ದು. ಪಿ0300ರ ಸರಣಿಯ ಕೋಡ್ ಬಂದರೆ ಮೊದಲು ಇಂಜಿನ್ ಕಡೆ ನೋಡಿ, ಸಿಲಿಂಡರ್ ಉರಿಯುತ್ತಿಲ್ಲ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳು ಇಂಜಿನ್ ಕೋಡ್‌ಗಳನ್ನು ಓದುತ್ತವೆ. ಗೇರ್‌ಬಾಕ್ಸ್ ಕಂಪ್ಯೂಟರನ್ನು ಓದಲು ಅವುಗಳಲ್ಲಿ ಅನೇಕಕ್ಕೆ ಆಗುವುದಿಲ್ಲ. ಹಾಗಾಗಿ ಇವುಗಳಲ್ಲಿ ಕೋಡ್ ಕಾಣದಿದ್ದರೆ ಗೇರ್‌ಬಾಕ್ಸ್ ಸರಿಯಿದೆ ಎಂದು ತಿಳಿಯಬೇಡಿ. ಇನ್ನೂ ಒಂದು ಎಚ್ಚರಿಕೆ: ‘ಕ್ಲಿಯರ್’ ಗುಂಡಿ ಒತ್ತಲೇಬೇಡಿ. ದೋಷ ಬಂದ ಕ್ಷಣದ ವೇಗ, ತಾಪಮಾನ, ಆರ್‌ಪಿಎಂ ಎಲ್ಲವನ್ನೂ ಕಾರು ಕೋಡಿನ ಜೊತೆ ಉಳಿಸಿಟ್ಟಿರುತ್ತದೆ. ಅಳಿಸಿದರೆ ಪತ್ತೆಗೆ ಇದ್ದ ಒಳ್ಳೆಯ ಸಾಕ್ಷಿಯೇ ಹೋಯಿತು. ಗ್ಯಾರೇಜ್‌ನವರಿಗೂ ಅಳಿಸುವ ಮುನ್ನ ಪ್ರಿಂಟ್ ಅಥವಾ ಫೋಟೊ ತೆಗೆಯಲು ಹೇಳಿ.

ಕೋಡ್ ಎನ್ನುವುದು ಲಕ್ಷಣ, ಕಾಯಿಲೆಯಲ್ಲ. ಜ್ವರ ಬಂದಿದೆ ಎಂದು ಥರ್ಮಾಮೀಟರ್ ಹೇಳಬಹುದು, ಮಲೇರಿಯಾವೋ ಫ್ಲೂವೋ ಎಂದು ಹೇಳಲಾರದು. ಸೆನ್ಸರ್ ಕೋಡ್ ಬಂದಾಗ ಕೆಟ್ಟಿರುವುದು ಸೆನ್ಸರ್ ಆಗಿರಬಹುದು, ಅದರ ವೈರ್ ಅನ್ನು ಇಲಿ ಕಡಿದಿರಲೂಬಹುದು.

ಗೇರ್‌ಬಾಕ್ಸ್ ಕಂಪ್ಯೂಟರ್ ಕಲಿಯುತ್ತದೆ ಎಂಬುದೂ ನಿಮಗೆ ತಿಳಿದಿರಲಿ. ಕ್ಲಚ್ ಎಷ್ಟು ಸವೆದಿದೆ, ಎಲ್ಲಿ ಹಿಡಿಯುತ್ತದೆ ಎಂಬುದಕ್ಕೆ ತಕ್ಕಂತೆ ಅದು ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತಿರುತ್ತದೆ. ಕ್ಲಚ್ ಬದಲಿಸಿದ ಮೇಲೆ ಈ ಹಳೆಯ ಲೆಕ್ಕವನ್ನು ಅಳಿಸಿ ಹೊಸದಾಗಿ ಕಲಿಸದಿದ್ದರೆ ಹೊಸ ಕ್ಲಚ್ ಇದ್ದೂ ಜರ್ಕ್ ಮುಂದುವರಿಯುತ್ತದೆ. ಎಷ್ಟೋ ಹೊಸ ಕಾರುಗಳ ಜರ್ಕ್ ಒಂದು ಸಾಫ್ಟ್‌ವೇರ್ ಅಪ್‌ಡೇಟ್‌ನಿಂದಲೇ ಕಡಿಮೆಯಾಗುವುದುಂಟು. ಆದ್ದರಿಂದ “ನನ್ನ ಕಾರಿನ ಗೇರ್‌ಬಾಕ್ಸಿಗೆ ಹೊಸ ಸಾಫ್ಟ್‌ವೇರ್ ಬಂದಿದೆಯೇ?” ಎಂದು ಕೇಳುವುದು ಒಳ್ಳೆಯದು. ಆದರೆ ಅಪ್‌ಡೇಟ್ ಆದ ಕೆಲವೇ ವಾರಗಳಲ್ಲಿ ನಡುಕ ಮರಳಿದರೆ, ಒಳಗೆ ಸವೆಯುತ್ತಿರುವ ಭಾಗವನ್ನು ಸಾಫ್ಟ್‌ವೇರ್ ಸ್ವಲ್ಪ ಕಾಲ ಮರೆಮಾಚಿತ್ತು ಎಂದೇ ಅನುಮಾನಿಸಬೇಕು.

‘ಜೀವಮಾನದ ಎಣ್ಣೆ’ ಎಂಬ ನಂಬಿಕೆ

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಜೀವಮಾನವಿಡೀ ಬಾಳುತ್ತದೆ, ಮುಟ್ಟಲೇಬಾರದು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಯಾರ ಜೀವಮಾನ? ಅನೇಕ ದೊಡ್ಡ ಕಂಪನಿಗಳ ಕಾರುಗಳಿಗೆ ಗೇರ್‌ಬಾಕ್ಸ್ ತಯಾರಿಸಿ ಕೊಡುವ ಜರ್ಮನಿಯ ಝಡ್‌ಎಫ್ ಸಂಸ್ಥೆಯೇ ತನ್ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳ ಎಣ್ಣೆಯನ್ನು 80 ಸಾವಿರದಿಂದ 1.2 ಲಕ್ಷ ಕಿಲೋಮೀಟರ್ ನಡುವೆ ಬದಲಿಸಲು ಹೇಳುತ್ತದೆ. ನಿಮ್ಮ ಕಾರಿಗೆ ಎಷ್ಟು ಎಂಬುದನ್ನು ಕೈಪಿಡಿಯಲ್ಲಿ ನೋಡಿ. ಬಿಸಿಲು, ಟ್ರಾಫಿಕ್, ಘಾಟಿ ಎಂಬ ‘ಕಠಿಣ ಬಳಕೆ’ಗೆ ಬೇರೆ ಅವಧಿ ಕೊಟ್ಟಿರುವುದೂ ಉಂಟು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆ: ಎಣ್ಣೆ ಬದಲಿಸಿದರೆ ಗೇರ್‌ಬಾಕ್ಸ್ ಕೆಡುತ್ತದೆ. ಇದು ಹುಟ್ಟಿದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ. ಜನ ಎಣ್ಣೆಯ ನೆನಪು ಮಾಡಿಕೊಳ್ಳುವುದೇ ಗೇರ್ ಜಾರಲು ಶುರುವಾದ ಮೇಲೆ. ಸಾಯುತ್ತಿರುವ ಗೇರ್‌ಬಾಕ್ಸಿಗೆ ಹೊಸ ಎಣ್ಣೆ ಹಾಕಿದ ತಿಂಗಳಿಗೆ ಅದು ನಿಂತರೆ ಅಪವಾದ ಎಣ್ಣೆಯ ಮೇಲೆ ಬರುತ್ತದೆ. ಕೆಡುವುದು ತಪ್ಪು ಎಣ್ಣೆಯಿಂದ. ಸಿವಿಟಿಯ ಎಣ್ಣೆಯೇ ಬೇರೆ, ಟಾರ್ಕ್ ಕನ್ವರ್ಟರಿನದೇ ಬೇರೆ. ಎರಡೂ ಕೆಂಪಗಿವೆ ಎಂದು ಒಂದರ ಬದಲು ಇನ್ನೊಂದು ಹಾಕುವಂತಿಲ್ಲ.

ಎಣ್ಣೆಯ ಗುಣ ಎಷ್ಟು ಸೂಕ್ಷ್ಮ ಎಂಬುದಕ್ಕೆ ಫೋಕ್ಸ್‌ವ್ಯಾಗನ್‌ನ ಅನುಭವ ನೋಡಿ. ಅದರ 7 ಗೇರಿನ ಒಣ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳಲ್ಲಿ, ಬಿಸಿ ಮತ್ತು ತೇವಾಂಶ ಹೆಚ್ಚಿರುವ ಪ್ರದೇಶಗಳಲ್ಲಿ, ಸಿಂಥೆಟಿಕ್ ಎಣ್ಣೆಯಿಂದಾಗಿ ವಿದ್ಯುತ್ ದೋಷ ಉಂಟಾಗುವ ಸಾಧ್ಯತೆ ಕಂಡುಬಂತು. 2013ರ ನವೆಂಬರ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆಸಿ ಮಿನರಲ್ ಎಣ್ಣೆ ಹಾಕಿಕೊಟ್ಟಿತು. ಹೆಚ್ಚು ಬೆಲೆಯ ಸಿಂಥೆಟಿಕ್ ತೆಗೆದು ಮಾಮೂಲಿ ಎಣ್ಣೆ ಹಾಕುವುದೇ ಅಲ್ಲಿ ರಿಪೇರಿಯಾಗಿತ್ತು!

ಹೊಸ ಕಾರುಗಳಲ್ಲಿ ಎಣ್ಣೆಯ ಮಟ್ಟ ನೋಡಲು ಡಿಪ್‌ಸ್ಟಿಕ್ ಇರುವುದು ಕಡಿಮೆ. ಗೊತ್ತುಪಡಿಸಿದ ತಾಪಮಾನದಲ್ಲಿ, ಕಾರನ್ನು ಸಮತಟ್ಟಾಗಿ ಎತ್ತಿ ನೋಡಬೇಕಾಗುವುದರಿಂದ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಇಂಜಿನ್ ಆಯಿಲ್‌ನಂತೆ ಗೇರ್‌ಬಾಕ್ಸ್ ಎಣ್ಣೆ ಉರಿದು ಕಡಿಮೆಯಾಗುವುದಿಲ್ಲ. ಮಟ್ಟ ಇಳಿದಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಟಾಪ್ ಅಪ್ ಮಾಡಿ ಕಳಿಸಿದರೆ ಒಪ್ಪಬೇಡಿ, ಸೋರಿಕೆ ಎಲ್ಲಿ ಎಂದು ಕೇಳಿ.

ನಮ್ಮ ಕಾಲಿನ ಪಾಲೂ ಇದೆ

ಡ್ರೈವರ್ ಮೇಲೆ ಸುಳ್ಳು ಆರೋಪ ಹೊರಿಸಿದ್ದು ತಪ್ಪು ಎಂದೆವು. ಹಾಗೆಂದು ಓಡಿಸುವ ರೀತಿಯಿಂದ ಏನೂ ಆಗುವುದಿಲ್ಲ ಎಂದೂ ಅಲ್ಲ. ಫ್ಲೈಓವರ್ ಏರಿನಲ್ಲಿ ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಮೇಲೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಎಎಂಟಿ ಮತ್ತು ಡಿಸಿಟಿಯ ಕ್ಲಚ್ಚನ್ನು ಸುಡುತ್ತದೆ. ಕಾರು ಪೂರ್ತಿ ನಿಲ್ಲುವ ಮುನ್ನ ರಿವರ್ಸ್ ಹಾಕುವುದು, ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಪಾರ್ಕ್ ಮೇಲಷ್ಟೇ ಕಾರಿನ ಭಾರ ಬಿಡುವುದು ಕೂಡ ಒಳ್ಳೆಯದಲ್ಲ. ಟ್ರಾಫಿಕ್‌ನಲ್ಲಿ ಒಂದೊಂದೇ ಅಡಿ ತೆವಳುವುದರ ಬದಲು ಮುಂದೆ ಸ್ವಲ್ಪ ಜಾಗವಾದ ಮೇಲೆ ಒಮ್ಮೆಗೇ ಹೊರಟರೆ ಒಣ ಕ್ಲಚ್ ಕಡಿಮೆ ಬಿಸಿಯಾಗುತ್ತದೆ. ಆ ಜಾಗಕ್ಕೆ ಆಟೋ ನುಗ್ಗದಿರಲಿ ಎಂಬುದು ಬೇರೆ ಪ್ರಾರ್ಥನೆ.

ಜಾಬ್ ಕಾರ್ಡ್‌ನಲ್ಲಿ ಏನು ಬರೆದಿದೆ?

ವಾರಂಟಿ ಇರುವಾಗ ಕೊಟ್ಟ ದೂರು ದಾಖಲಾಗಿದ್ದರೆ, ವಾರಂಟಿ ಮುಗಿದ ಮೇಲೆ ಅದೇ ದೋಷ ಮತ್ತೆ ಬಂದಾಗ ವಾದಿಸಲು ಆಧಾರವಿರುತ್ತದೆ. ಬಾಯಿಮಾತಿನಲ್ಲಿ ಹೇಳಿ ಬಂದರೆ ಏನೂ ಇರುವುದಿಲ್ಲ. ಸರ್ವೀಸ್ ಅಡ್ವೈಸರ್ ಜಾಬ್ ಕಾರ್ಡ್‌ನಲ್ಲಿ ‘ಜನರಲ್ ಚೆಕಪ್’ ಎಂದು ಬರೆದರೆ ಸಹಿ ಹಾಕಬೇಡಿ. ‘ಇಂಜಿನ್ ಬಿಸಿಯಾದ ಮೇಲೆ 10-20 ಕಿಲೋಮೀಟರ್ ವೇಗದಲ್ಲಿ ನಡುಕ’ ಎಂದು ನಿಮ್ಮ ಮಾತಿನಲ್ಲೇ ಬರೆಸಿ. ಕಾರು ವಾಪಸ್ ಪಡೆಯುವಾಗ ಏನು ಪರೀಕ್ಷಿಸಿದರು, ಏನು ಕಂಡಿತು ಎಂಬುದನ್ನೂ ಲಿಖಿತವಾಗಿ ಕೇಳಿ. ‘ಸಹಜ’ ಎನ್ನುವುದಾದರೆ ಅದನ್ನೂ ಬರೆದುಕೊಡಲಿ. ಬರೆಯಬೇಕು ಎಂದಾಗ ಎರಡನೇ ಸಲ ಪರೀಕ್ಷಿಸುವ ಮನಸ್ಸು ಬರುವುದೂ ಉಂಟು.

ಅಲ್ಲಿಯೂ ಬಗೆಹರಿಯದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಗ್ರಾಹಕ ಆಯೋಗದ ಮೊರೆ ಹೋಗಬೇಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ ಸಾಕು. ಪರೀಕ್ಷೆ ಮಾಡದೆ ದೋಷ ತೀರ್ಮಾನಿಸಲು ಆಗದ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ತರಿಸಿಕೊಳ್ಳುವ ಅಧಿಕಾರ ಆಯೋಗಕ್ಕಿದೆ. ಅಲ್ಲಿ ನಿಮ್ಮ ಪರ ಮಾತಾಡುವುದು ಈ ಜಾಬ್ ಕಾರ್ಡ್‌ಗಳು, ವಿಡಿಯೊಗಳು ಮತ್ತು ಅಳಿಸದೆ ಉಳಿಸಿಕೊಂಡ ಕೋಡ್‌ಗಳೇ.

ನಿಮ್ಮೊಬ್ಬರದೇ ಕಾರಲ್ಲ, ಅದೇ ಮಾಡೆಲ್ಲಿನ ಹಲವು ಕಾರುಗಳಲ್ಲಿ ಇದೇ ಸುರಕ್ಷತಾ ದೋಷವಿದೆ ಎನಿಸಿದರೆ ಇನ್ನೊಂದು ದಾರಿಯೂ ಇದೆ. 2021ರ ಏಪ್ರಿಲ್ 1ರಿಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಡ್ಡಾಯ ರೀಕಾಲ್‌ಗೆ ಅವಕಾಶ ಸೇರಿದೆ. 7 ವರ್ಷಕ್ಕಿಂತ ಹಳೆಯದಲ್ಲದ ವಾಹನಗಳ ಮಾಲೀಕರು ಸಾರಿಗೆ ಸಚಿವಾಲಯದ ಪೋರ್ಟಲ್‌ನಲ್ಲಿ ದೋಷ ದಾಖಲಿಸಬಹುದು. ಮಾರಾಟವಾದ ಸಂಖ್ಯೆಗೆ ಹೋಲಿಸಿ ದೂರುಗಳು ಒಂದು ಮಿತಿ ದಾಟಿದರೆ ಪರಿಶೀಲನೆ ನಡೆದು ರೀಕಾಲ್‌ಗೆ ಆದೇಶ ಬರಬಹುದು. ದೂರು ಕೊಡುವ ಮುನ್ನ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಕಾರಿನ ಚಾಸಿಸ್ ನಂಬರ್ ಹಾಕಿ ನೋಡಿ. ರೀಕಾಲ್ ಈಗಾಗಲೇ ಇದ್ದರೆ ಆ ಕೆಲಸಕ್ಕೆ ಶುಲ್ಕ ಇರುವುದಿಲ್ಲ.